ನಮ್ಮ ಕರಿಕಲ್ಲಿಗೆ ಒಂದು ಕಿರುಚಿಪ್ಪಿನ ಸಾಕ್ಷ್ಯ

ಬೀದರ್ ಜಿಲ್ಲೆಯ ನಿರ್ಣಾ ಊರಿನಿಂದ ಪಶ್ಚಿಮಕ್ಕೆ ಹೊರಟರೂ ಪೂರ್ವಕ್ಕೆ ಹೊರಟರೂ ಕಡಲು ಕಾಣಲು ಕನಿಷ್ಠ 400 ಕಿಲೋಮೀಟರ್ ಸಾಗಬೇಕು. ಸುತ್ತ ತೊಗರಿ, ಕಡಲೆ, ಜೋಳ ಬೆಳೆಯುವ ಎರೆಹೊಲ, ಎತ್ತರದ ಕಡೆ ಕೆಂಪು ಜಂಬಿಟ್ಟಿಗೆ, ಅಡಿಯಲ್ಲಿ ಕರಿಕಲ್ಲು. ಇಂಥ ಊರಿನ ಕಲ್ಲಿನ ಚರಿತ್ರೆಯನ್ನು ತಿಳಿಯಲು ಕಡಲಿನಲ್ಲಿ ತೇಲುತ್ತಿದ್ದ, ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಒಂದು ಜೀವಿಯನ್ನು ಕರೆದು ಕೇಳಬೇಕಾಯಿತು ಎಂದರೆ ನೀವು ನಂಬುತ್ತೀರಾ?

ಆ ಜೀವಿಯ ಹೆಸರು ಗುಂಬೆಲಿಟ್ರಿಯ. ಇದು ಒಂದೇ ಪ್ರಭೇದದ ಹೆಸರಲ್ಲ, ಹತ್ತಿರದ ಸಂಬಂಧವಿರುವ ಹಲವು ಪ್ರಭೇದಗಳನ್ನು ಒಳಗೊಂಡ ಒಂದು ಕುಲದ ಹೆಸರು. ನಾನು ಭೌತವಿಜ್ಞಾನದ ಮೇಷ್ಟರು. ಪಳೆಯುಳಿಕೆ ನನ್ನ ಕ್ಷೇತ್ರವಲ್ಲ. ಆದರೂ ಈ ಲೇಖನ ಬರೆಯಲು ಒಂದು ಕಾರಣವಿದೆ. ಪಾಠ ಮಾಡಲು ಆರಂಭಿಸಿದ ದಿನಗಳಲ್ಲಿ, ವಿಕಿರಣಪಟುತ್ವದ ಅಧ್ಯಾಯ ಬಂದಾಗಲೆಲ್ಲ ತರಗತಿಯಲ್ಲಿ ಒಂದು ಮಾತನ್ನು ಹೆಮ್ಮೆಯಿಂದ ಹೇಳುತ್ತಿದ್ದೆ: "ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನಷ್ಟೇ ಪಳೆಯುಳಿಕೆ ಹೇಳುತ್ತದೆ. ಎಷ್ಟು ವರ್ಷದ ಹಿಂದೆ ಎಂಬುದನ್ನು ಹೇಳುವುದು ಭೌತವಿಜ್ಞಾನ." ಮಾತು ಪೂರ್ತಿ ತಪ್ಪಲ್ಲ. ಆದರೆ ನಮ್ಮ ಕಾಲಡಿಯ ಕಲ್ಲಿನ ವಿಷಯದಲ್ಲಿಯೇ ಅದು ಎಷ್ಟು ಅರೆಬರೆ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಮೆಟ್ಟಿಲು ಮೆಟ್ಟಿಲಾದ ಕಲ್ಲು

ಹುಮನಾಬಾದ್, ಬಸವಕಲ್ಯಾಣ ಸುತ್ತಿನ ಕರಿಕಲ್ಲು ಬೆಸಾಲ್ಟ್. ಕರಗಿದ ಶಿಲಾಪಾಕ ಬಿರುಕುಗಳಿಂದ ಉಕ್ಕಿ ಹರಿದು ತಣ್ಣಗಾದದ್ದು. ಒಂದರ ಮೇಲೊಂದು ಹರಿದ ಪದರಗಳಿಂದ ಗುಡ್ಡಗಳ ಪಕ್ಕ ಮೆಟ್ಟಿಲಿನಂತೆ ಕಾಣುವುದರಿಂದ, ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ ಇದಕ್ಕೆ 'ಟ್ರ್ಯಾಪ್' ಎಂದು ಹೆಸರು ಬಂದಿತು. ದಖ್ಖನ್ ಟ್ರ್ಯಾಪ್ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಅದರ ದಕ್ಷಿಣದ ಅಂಚು ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿದೆ.

ಈ ಸೀಮೆಯಲ್ಲಿ ತೆರೆದ ಬಾವಿಗೆ ಇಣುಕಿದರೆ ಗಮನಿಸಿ. ಮೇಲೆ ಎರೆಮಣ್ಣು, ಅದರಡಿ ಗರಸು, ಆಮೇಲೆ ಗಟ್ಟಿ ಕಲ್ಲು. ಕೆಲವೆಡೆ ಎರಡು ಗಟ್ಟಿ ಪದರಗಳ ನಡುವೆ ಇಟ್ಟಿಗೆಯಂತೆ ಕೆಂಪಾದ ತೆಳುವಾದ ಪಟ್ಟಿಯೊಂದು ಕಾಣುತ್ತದೆ. ಅದು ಹಳೆಯ ನೆಲ. ಒಂದು ಲಾವಾ ಪ್ರವಾಹ ನಿಂತು ಇನ್ನೊಂದು ಬರುವವರೆಗೆ ನಡುವೆ ಬಿಡುವಿತ್ತು ಎಂಬುದಕ್ಕೆ ಅದೇ ಗುರುತು. ಬಿಡುವು ದೀರ್ಘವಾದಲ್ಲಿ ನೀರು ನಿಂತು ಕೆರೆಗಳಾದವು, ಕೆಸರು ಕೂಡಿತು, ಬಸವನಹುಳುಗಳು ಬದುಕಿದವು. ಮುಂದಿನ ಪ್ರವಾಹ ಬಂದು ಎಲ್ಲವನ್ನೂ ಮುಚ್ಚಿತು. ಇಂಥ ನಡುಪದರಗಳೇ ನಮ್ಮ ಕಥೆಯ ಕಡತಗಳು.

19ನೆಯ ಶತಮಾನದ ಮೊದಲರ್ಧದಲ್ಲಿಯೇ ಈ ಕಡತಗಳನ್ನು ತೆರೆಯುವ ಕೆಲಸ ಆರಂಭವಾಗಿತ್ತು. ನಿರ್ಣಾದಿಂದ ಈಶಾನ್ಯಕ್ಕೆ ಸುಮಾರು 200 ಕಿಲೋಮೀಟರ್ ದೂರದ ನಿರ್ಮಲ್ ಕಡೆಯ ಬೆಟ್ಟಗಳಲ್ಲಿ ಜೆ. ಜಿ. ಮಾಲ್ಕಮ್ಸನ್ ಸಂಗ್ರಹಿಸಿದ ಚಿಪ್ಪುಗಳಲ್ಲಿ ಸಿಹಿನೀರಿನ ಬಸವನಹುಳು ಫೈಸಾ ಪ್ರಿನ್ಸೆಪಿ ಪ್ರಸಿದ್ಧವಾಯಿತು. ನಾಗಪುರದಲ್ಲಿದ್ದ ಸ್ಟೀಫನ್ ಹಿಸ್ಲಪ್ 1850ರ ದಶಕದಲ್ಲಿ ಇನ್ನೂ ಅನೇಕ ಪಳೆಯುಳಿಕೆಗಳನ್ನು ಕಲೆಹಾಕಿದರು. ಆದರೆ ಒಂದು ತೊಡಕು ಉಳಿಯಿತು. ಕೆರೆಯ ಜೀವಿಗಳು ಆಯಾ ಕೆರೆಗೇ ಸೀಮಿತ. ಅವುಗಳನ್ನು ಯೂರೋಪಿನ ಪದರಗಳ ಜೊತೆ ಹೋಲಿಸಿ ಕಾಲ ನಿರ್ಧರಿಸುವುದು ಕಷ್ಟ. ಕಡಲ ಪ್ಲವಕಗಳು ಹಾಗಲ್ಲ. ನೀರಿನ ಜೊತೆ ತೇಲುವ ಅವು ಜಗತ್ತಿನಾದ್ಯಂತ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಕಾಣಿಸಿಕೊಳ್ಳುತ್ತವೆ, ಒಂದೇ ಸಮಯಕ್ಕೆ ಮರೆಯಾಗುತ್ತವೆ. ಹಾಗಾಗಿ ಟ್ರ್ಯಾಪಿನ ವಯಸ್ಸಿಗೆ ಒಳ್ಳೆಯ ಸಾಕ್ಷಿ ಬೇಕಾದರೆ, ಲಾವಾ ಕಡಲನ್ನು ಮುಟ್ಟಿದ ಜಾಗಕ್ಕೆ ಹೋಗಬೇಕು.

ಅಂಥ ಜಾಗ ಗೋದಾವರಿ ತೀರದ ರಾಜಮಂಡ್ರಿ. ಅಲ್ಲಿನ ಲಾವಾ ಪದರಗಳ ನಡುವೆ ಕಡಲ ಚಿಪ್ಪುಗಳಿರುವ ಸುಣ್ಣಕಲ್ಲು ಇದೆ.

ಬೆಂಗಳೂರಿನ ಪುಟಗಳಲ್ಲಿ ಒಂದು ವಾದ

1934ರಲ್ಲಿ ಬೀರಬಲ್ ಸಾಹ್ನಿಯವರು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ನೇರವಾಗಿ ಪ್ರಶ್ನೆ ಎತ್ತಿದರು: ದಖ್ಖನ್ ಟ್ರ್ಯಾಪ್ ಕ್ರಿಟೇಷಿಯಸ್ ಯುಗದ್ದೋ, ಅನಂತರದ ಟರ್ಷಿಯರಿಯದ್ದೋ? ಡೈನೋಸಾರುಗಳ ಕಾಲದ್ದೋ, ಅವು ಅಳಿದ ಮೇಲಿನದ್ದೋ ಎಂದು ನಾವು ಕೇಳಬಹುದು. ನಡುಪದರಗಳ ಸಸ್ಯ ಪಳೆಯುಳಿಕೆಗಳನ್ನು ನೋಡಿದ ಸಾಹ್ನಿಯವರು ಟರ್ಷಿಯರಿ ಎಂದರು. ಅದೇ ದಶಕದಲ್ಲಿ ಎಸ್. ಆರ್. ನಾರಾಯಣ ರಾವ್ ಮತ್ತು ಕೆ. ಶ್ರೀಪಾದ ರಾವ್ ರಾಜಮಂಡ್ರಿಯ ನಡುಪದರಗಳಿಂದ ಫೊರಾಮಿನಿಫೆರಗಳನ್ನು ಹೆಕ್ಕಿ ವರದಿ ಮಾಡಿದರು. ಆ ಸಾಕ್ಷ್ಯವೂ ಟರ್ಷಿಯರಿಯ ಕಡೆಗೇ ತೂಗಿತು.

ಈ ಕಾಲದ ಇನ್ನೊಂದು ಹೆಸರನ್ನು ಕನ್ನಡ ವಿದ್ಯಾರ್ಥಿಗಳು ನೆನಪಿಡಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ಪ್ರಾಧ್ಯಾಪಕ ಎಲ್. ರಾಮರಾವ್. ತಿರುಚಿನಾಪಳ್ಳಿ ಕಡೆಯ ಕಡಲ ಪದರಗಳಲ್ಲಿ ಕ್ರಿಟೇಷಿಯಸ್ ಎಲ್ಲಿ ಮುಗಿಯುತ್ತದೆ, ಮುಂದಿನದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಅವರು ದೀರ್ಘಕಾಲ ಹಿಂಬಾಲಿಸಿದರು. 1936ರಲ್ಲಿ ಜೂಲಿಯಸ್ ಪಿಯಾ ಅವರ ಜೊತೆ ಅಲ್ಲಿನ ಪಳೆಯುಳಿಕೆ ಪಾಚಿಗಳನ್ನು ವಿವರಿಸಿದರು. ಉಲ್ಕೆ, ಇರಿಡಿಯಂ ಎಂಬ ಮಾತುಗಳು ಹುಟ್ಟುವುದಕ್ಕೆ ಎಷ್ಟೋ ಮೊದಲು ಬೆಂಗಳೂರಿನಲ್ಲಿ ಕುಳಿತ ಒಬ್ಬರು ಈ ಗಡಿರೇಖೆಯೇ ಒಂದು ದೊಡ್ಡ ಸಮಸ್ಯೆ ಎಂದು ಕಂಡಿದ್ದರು.

ಭೌತವಿಜ್ಞಾನ ಬಂದಿತು, ಆದರೆ...

1950ರ ದಶಕದಲ್ಲಿ ನನ್ನ ಕ್ಷೇತ್ರದವರು ರಂಗಕ್ಕೆ ಬಂದರು. ಬೆಸಾಲ್ಟ್ ತಣ್ಣಗಾಗುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕ್ಲೆಗ್ ಮತ್ತು ಸಂಗಡಿಗರು 1956ರಲ್ಲಿ ದಖ್ಖನ್ ಕಲ್ಲುಗಳ ಕಾಂತತೆಯ ಅಳತೆಗಳನ್ನು ಪ್ರಕಟಿಸಿದರು. ಈ ಲೆಕ್ಕವನ್ನು ನೀವೇ ಮಾಡಬಹುದು. ಭೂಮಿಯ ಕಾಂತವನ್ನು ಅಕ್ಷದುದ್ದಕ್ಕೂ ಇಟ್ಟ ಸರಳ ದಂಡಕಾಂತವೆಂದು ಭಾವಿಸಿದರೆ, ಸೂಜಿ ಅಡ್ಡರೇಖೆಯಿಂದ ಬಾಗುವ ಕೋನದ ಟ್ಯಾಂಜೆಂಟ್, ಆ ಸ್ಥಳದ ಅಕ್ಷಾಂಶದ ಟ್ಯಾಂಜೆಂಟಿನ ಎರಡರಷ್ಟು. ನಿರ್ಣಾ ಸುಮಾರು 17.7 ಡಿಗ್ರಿ ಉತ್ತರದಲ್ಲಿದೆ. ಈ ಮಾದರಿಯಂತೆ ಅಲ್ಲಿ ಬಾಗು ಸುಮಾರು 32 ಡಿಗ್ರಿ. ದಖ್ಖನ್ ಕಲ್ಲಿನಲ್ಲಿ ಉಳಿದಿರುವ ಬಾಗು ಸರಾಸರಿ 45 ಡಿಗ್ರಿಯ ಆಸುಪಾಸು. 45ರ ಟ್ಯಾಂಜೆಂಟ್ 1, ಅದರ ಅರ್ಧ 0.5, ಅಂದರೆ ಅಕ್ಷಾಂಶ ಸುಮಾರು 27 ಡಿಗ್ರಿ. ದಿಕ್ಕನ್ನೂ ಸೇರಿಸಿ ನೋಡಿದರೆ ಅದು ದಕ್ಷಿಣ ಅಕ್ಷಾಂಶ! ನಮ್ಮ ಎರೆಹೊಲದ ತಳಕಲ್ಲು ಹುಟ್ಟಿದ್ದು ಸಮಭಾಜಕದ ಆಚೆ. ಜೊತೆಗೆ, ಬಹುಪಾಲು ಪದರಗಳಲ್ಲಿ ಭೂಕಾಂತದ ಉತ್ತರ ದಕ್ಷಿಣಗಳು ಇಂದಿಗೆ ತಿರುಗುಮುರುಗಾಗಿವೆ.

ಇದು ಸ್ಥಳದ ಮಾತಾಯಿತು. ಕಾಲದ ಮಾತು? ಪೊಟಾಸಿಯಂ-40 ಎಂಬ ಐಸೊಟೋಪಿನ ಅರ್ಧಾಯು ಸುಮಾರು 125 ಕೋಟಿ ವರ್ಷ. ಅದು ಕ್ಷಯಿಸಿದಾಗ ಹತ್ತರಲ್ಲಿ ಒಂದು ಪಾಲು ಆರ್ಗಾನ್ ಅನಿಲವಾಗುತ್ತದೆ, ಉಳಿದದ್ದು ಕ್ಯಾಲ್ಸಿಯಂ. ಈಗ 6.6 ಕೋಟಿ ವರ್ಷಕ್ಕೆ ಲೆಕ್ಕ ಹಾಕಿ. ಕ್ಷಯಿಸುವುದು ಶೇಕಡಾ 3.6ರಷ್ಟು ಮಾತ್ರ. ಸಾವಿರ ಪೊಟಾಸಿಯಂ-40 ಪರಮಾಣುಗಳಿದ್ದಲ್ಲಿ 36 ಕ್ಷಯಿಸಿ, ನಾಲ್ಕರಷ್ಟು ಆರ್ಗಾನ್ ಸಿಗುತ್ತದೆ. ದಖ್ಖನ್ ಬೆಸಾಲ್ಟಿನಲ್ಲಿ ಪೊಟಾಸಿಯಂ ಇರುವುದೇ ಕಡಿಮೆ, ಅದರಲ್ಲಿ ಪೊಟಾಸಿಯಂ-40ರ ಪಾಲು ಶೇಕಡಾ 0.012. ಇಷ್ಟು ಅಲ್ಪ ಅನಿಲದಲ್ಲಿ, ಕಲ್ಲು ಸವೆದು ಮೆತ್ತಗಾದಾಗ ಒಂದಷ್ಟು ಸೋರಿಹೋಗುತ್ತದೆ. ಸೋರಿದರೆ ಕಲ್ಲು ತನ್ನ ವಯಸ್ಸನ್ನು ಕಡಿಮೆ ಹೇಳುತ್ತದೆ. ಹೊರಗಿನ ಆರ್ಗಾನ್ ಸಿಕ್ಕಿಕೊಂಡಿದ್ದರೆ ಹೆಚ್ಚು ಹೇಳುತ್ತದೆ. ಪರಿಣಾಮ, ಈ ವಿಧಾನದಲ್ಲಿ ಬಂದ ವಯಸ್ಸುಗಳು ಸುಮಾರು 3 ಕೋಟಿಯಿಂದ 8 ಕೋಟಿ ವರ್ಷದವರೆಗೆ ಚೆದುರಿದವು. ದಖ್ಖನ್ ಲಾವಾ ಕೋಟ್ಯಂತರ ವರ್ಷ ನಿಧಾನವಾಗಿ ಉಕ್ಕಿತೆಂದು ಅನೇಕರು ನಂಬಿದ್ದರು. ತರಗತಿಯಲ್ಲಿ ನಾನು ಹೆಮ್ಮೆಪಡುತ್ತಿದ್ದ ಗಡಿಯಾರ ಇದೇ!

ಗಡಿಯಾರ ಸರಿಯಾದದ್ದು ಕ್ರಮೇಣ. ಮಾದರಿಯನ್ನು ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳಿಗೆ ಒಡ್ಡಿ, ಆಮೇಲೆ ಹಂತಹಂತವಾಗಿ ಕಾಯಿಸುವ ಆರ್ಗಾನ್-ಆರ್ಗಾನ್ ವಿಧಾನದಲ್ಲಿ ಸೋರಿಕೆಯ ಗುರುತು ಸಿಗುತ್ತದೆ. 1986ರಲ್ಲಿ ವಿನ್ಸೆಂಟ್ ಕೂರ್ಟಿಯೊ ಮತ್ತು ಸಂಗಡಿಗರು ಕಾಂತತೆ, ಆರ್ಗಾನ್, ಪಳೆಯುಳಿಕೆ ಮೂರನ್ನೂ ಒಟ್ಟಿಗಿಟ್ಟು, ಲಾವಾದ ಬಹುಭಾಗ ಅಲ್ಪಕಾಲದಲ್ಲಿ, ಕ್ರಿಟೇಷಿಯಸ್ ಮುಗಿಯುವ ಹೊತ್ತಿನಲ್ಲೇ ಉಕ್ಕಿತೆಂದು ವಾದಿಸಿದರು. ಪಂಜಾಬ್ ವಿಶ್ವವಿದ್ಯಾಲಯದ ಅಶೋಕ್ ಸಾಹ್ನಿ ಮತ್ತು ಸಂಗಡಿಗರು ನಡುಪದರಗಳಲ್ಲಿ ಡೈನೋಸಾರ್ ಅವಶೇಷಗಳನ್ನು ತೋರಿಸಿ ಅದೇ ಕಡೆಗೆ ಬೆರಳು ಮಾಡಿದರು. ಅಶೋಕ್ ಅವರು ಬೀರಬಲ್ ಸಾಹ್ನಿಯವರ ತಮ್ಮನ ಮಗ. ದೊಡ್ಡಪ್ಪನ ತೀರ್ಮಾನವನ್ನು ತಮ್ಮನ ಮಗ ತಿದ್ದಿದರು. ವಿಜ್ಞಾನದಲ್ಲಿ ಇದು ಅಗೌರವವಲ್ಲ.

ಮೂರು ಮೂರು ಕೋಣೆಗಳ ಮನೆ

ಈಗ ನಮ್ಮ ಕಥಾನಾಯಕನ ಬಳಿಗೆ ಬರೋಣ. ಫೊರಾಮಿನಿಫೆರ ಎಂದರೆ ರಂಧ್ರಗಳನ್ನು ಹೊತ್ತದ್ದು ಎಂದರ್ಥ. ಒಂದೇ ಜೀವಕೋಶ, ಸುತ್ತ, ನಮ್ಮ ವಿಷಯದಲ್ಲಿ, ಸುಣ್ಣದ ಕವಚ. ಬೆಳೆದಂತೆಲ್ಲ ಕವಚಕ್ಕೆ ಹೊಸ ಕೋಣೆ ಸೇರಿಸುತ್ತ ಹೋಗುತ್ತದೆ. ಗುಂಬೆಲಿಟ್ರಿಯದಲ್ಲಿ ಪ್ರತಿ ಸುತ್ತಿಗೆ ಮೂರು ದುಂಡು ಕೋಣೆಗಳು. ಚಿಕ್ಕ ದ್ರಾಕ್ಷಿಗೊಂಚಲಿನಂತೆ ಕಾಣುತ್ತದೆ. ಅಮೆರಿಕದ ಜೋಸೆಫ್ ಕುಷ್ಮನ್ 1933ರಲ್ಲಿ ಈ ಕುಲವನ್ನು ಹೆಸರಿಸಿದರು. ಬವೇರಿಯಾದ ಭೂವಿಜ್ಞಾನಿ ಗ್ಯುಂಬೆಲ್ ಅವರ ಹೆಸರು ಇದರಲ್ಲಿ ಉಳಿದಿದೆ. ಹೆಚ್ಚು ಪರಿಚಿತ ಪ್ರಭೇದ ಗುಂಬೆಲಿಟ್ರಿಯ ಕ್ರಿಟೇಷಿಯ.

ಗಾತ್ರ ಸುಮಾರು 0.1 ಮಿಲಿಮೀಟರ್, ಎಷ್ಟೋ ವೇಳೆ ಅದಕ್ಕಿಂತ ಕಡಿಮೆ. ಅಂದರೆ ನಮ್ಮ ತಲೆಗೂದಲಿನ ದಪ್ಪ. ಈ ಗಾತ್ರವೇ ಒಂದು ಪಾಠ ಕಲಿಸಿತು. ಮೆತ್ತಗಿನ ಕಲ್ಲನ್ನು ನೀರಿನಲ್ಲಿ ನೆನೆಸಿ, ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ಇಡುವುದು ಇಲ್ಲಿನ ವಾಡಿಕೆ. 63 ಮೈಕ್ರಾನ್ ಕಣ್ಣಿನ ಜರಡಿ ಹಿಡಿದರೆ ಇವುಗಳಲ್ಲಿ ಚಿಕ್ಕವು ನೀರಿನ ಜೊತೆ ಹರಿದುಹೋಗುತ್ತವೆ. 38 ಮೈಕ್ರಾನ್ ಜರಡಿ ಹಿಡಿದರೆ ಉಳಿಯುತ್ತವೆ. "ಇಲ್ಲ" ಎಂದು ಬರೆಯುವ ಮೊದಲು ನಮ್ಮ ಜರಡಿಯ ಕಣ್ಣು ಎಷ್ಟು ಎಂದು ಕೇಳಿಕೊಳ್ಳಬೇಕು. ಪ್ರಯೋಗಶಾಲೆಯ ಗೋಡೆಯ ಮೇಲೆ ಬರೆದಿಡಬೇಕಾದ ಮಾತು ಇದು.

6.6 ಕೋಟಿ ವರ್ಷದ ಹಿಂದೆ ಕಡಲಿನಲ್ಲಿ ಏನಾಯಿತು? ಇಟಲಿಯ ಗುಬ್ಬಿಯೊ ಬಳಿಯ ಸುಣ್ಣಕಲ್ಲಿನಲ್ಲಿ ದೊಡ್ಡದಾದ, ಅಲಂಕಾರದ ಕವಚಗಳ ಪ್ಲವಕ ಫೊರಾಮಿನಿಫೆರಗಳು ಒಂದು ಗೆರೆಯಲ್ಲಿ ಥಟ್ಟನೆ ಕೊನೆಯಾಗುತ್ತವೆ. ಮೇಲೆ ತೀರ ಚಿಕ್ಕ, ಸಾದಾ ಕವಚಗಳಷ್ಟೇ. ಲುಟರ್‌ಬಾಕರ್ ಮತ್ತು ಪ್ರೆಮೋಲಿ ಸಿಲ್ವಾ 1964ರಲ್ಲಿ ಇದನ್ನು ವಿವರಿಸಿದರು. ಆ ಗೆರೆಯ ಜೇಡಿಯಲ್ಲೇ ಲೂಯಿ ಆಲ್ವರೆಜ್, ಮಗ ವಾಲ್ಟರ್ ಮತ್ತು ಸಂಗಡಿಗರು ಇರಿಡಿಯಂ ಲೋಹ ಸುತ್ತಲಿನದಕ್ಕಿಂತ ಸುಮಾರು 30 ಪಟ್ಟು ಹೆಚ್ಚಿರುವುದನ್ನು ಕಂಡು, ಭಾರಿ ಕ್ಷುದ್ರಗ್ರಹವೊಂದು ಭೂಮಿಗೆ ಬಡಿಯಿತೆಂದು 1980ರಲ್ಲಿ ಸಾರಿದರು. 1991ರಲ್ಲಿ ಮೆಕ್ಸಿಕೊದ ಚಿಕ್ಸುಲೂಬ್ ಕುಳಿಯನ್ನು ಆ ಬಡಿತದ ಜಾಗವೆಂದು ಗುರುತಿಸಲಾಯಿತು.

ಪ್ಲವಕ ಫೊರಾಮಿನಿಫೆರಗಳ ಪ್ರಭೇದಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದವು. ಉಳಿಯಿತೆಂದು ಬಹುತೇಕ ಎಲ್ಲರೂ ಒಪ್ಪುವುದು ಗುಂಬೆಲಿಟ್ರಿಯ ಕ್ರಿಟೇಷಿಯ. ಉಳಿದದ್ದಷ್ಟೇ ಅಲ್ಲ, ಗಡಿಯ ಮೇಲಿನ ಪದರಗಳಲ್ಲಿ ಎಷ್ಟೋ ಕಡೆ ರಾಶಿರಾಶಿಯಾಗಿ ಸಿಗುತ್ತದೆ. ಹೊಲ ಹಾಳುಬಿದ್ದಾಗ ಮೊದಲು ಹಬ್ಬುವ ಕಳೆಯಂತೆ, ಇತರರು ಬದುಕಲಾರದ ನೀರಿನಲ್ಲಿ ಬೇಗ ಸಂತಾನ ಬೆಳೆಸುವ ಜೀವಿ ಇದು. ಅನಂತರದ ಹಲವು ಹೊಸ ಪ್ರಭೇದಗಳ ಮೂಲ ಇದೇ ಎಂದು ಅನೇಕ ತಜ್ಞರ ಅಭಿಪ್ರಾಯ. ಇಂದಿನ ಕಡಲಿನಲ್ಲಿಯೂ ಗ್ಯಾಲಿಟೆಲ್ಲಿಯ ಎಂಬ ಮೂರು ಕೋಣೆ ಸುತ್ತಿನ ಪ್ಲವಕವಿದೆ. ರೂಪ ನೋಡಿ ಅದನ್ನು ಗುಂಬೆಲಿಟ್ರಿಯದ ನೇರ ವಂಶಜವೆಂದು ಭಾವಿಸಲಾಗಿತ್ತು. 2008ರಲ್ಲಿ ಅದರ ಡಿಎನ್ಎ ಪರೀಕ್ಷಿಸಿದಾಗ, ಅದು ಕಡಲ ತಳದಲ್ಲಿ ಬದುಕುವ ಬೇರೊಂದು ಬಳಗದಿಂದ ಬಂದದ್ದೆಂದು ತಿಳಿಯಿತು. ರೂಪ ಒಂದಾದ ಮಾತ್ರಕ್ಕೆ ವಂಶ ಒಂದಲ್ಲ.

ರಾಜಮಂಡ್ರಿಯ ಕಲ್ಲುಗಣಿಯಲ್ಲಿ

ಎರಡು ಎಳೆಗಳು ಸೇರುವುದು ಇಲ್ಲಿ. 2008ರಲ್ಲಿ ಗೆರ್ಟಾ ಕೆಲ್ಲರ್ ಮತ್ತು ಸಂಗಡಿಗರು ರಾಜಮಂಡ್ರಿ ಕಡೆಯ ಕಲ್ಲುಗಣಿಗಳ ನಡುಪದರಗಳನ್ನು ಪರೀಕ್ಷಿಸಿದ ವರದಿ ಬಂದಿತು. ಕೆಳಗಿನ ಲಾವಾದ ಅಡಿಯಲ್ಲಿ ಕ್ರಿಟೇಷಿಯಸ್ ಕೊನೆಯ ಪದರಗಳು. ಆ ಲಾವಾದ ಮೇಲೆ, ಎರಡು ಲಾವಾಗಳ ನಡುವೆ, ಅಳಿವಿನ ನಂತರದ ಮೊದಲ ಜೀವಿಗಳ ಕಿರುಚಿಪ್ಪುಗಳು.

ಇಲ್ಲಿ ತರ್ಕವನ್ನು ನಿಧಾನವಾಗಿ ನೋಡಿ. ಗುಂಬೆಲಿಟ್ರಿಯ ಗಡಿಯ ಕೆಳಗೂ ಇದೆ, ಮೇಲೂ ಇದೆ. ಆದ್ದರಿಂದ ಅದೊಂದೇ ಸಿಕ್ಕರೆ ಕಾಲ ಹೇಳಲಾಗದು. ಕಾಲ ಹೇಳುವುದು ಅದರ ಸಂಗಾತಿಗಳು. ಗುಬ್ಬಿಯೊದ ಹಳೆಯ ಹೆಸರನ್ನೇ ಹೊತ್ತ 'ಯೂಗುಬಿನ' ಎಂಬ ಪ್ರಭೇದ ಗಡಿಯ ನಂತರ ಹುಟ್ಟಿ, ಕೆಲವು ಲಕ್ಷ ವರ್ಷ ಮಾತ್ರ ಬಾಳಿ ಅಳಿಯಿತು. ಆ ಕಾಲದ ಬಳಗ ಸಿಕ್ಕಿದರೆ ಪದರದ ಕಾಲ ಆ ಕಿರಿದಾದ ಕಿಂಡಿಯೊಳಗೆ ಬರಲೇಬೇಕು. ಬಹಳ ಕಾಲ ಬಾಳಿದ್ದು ಒಳ್ಳೆಯ ಗಡಿಯಾರವಲ್ಲ, ಆದರೆ ನೀರು ಹೇಗಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಬೇಗ ಅಳಿದದ್ದು ಒಳ್ಳೆಯ ಗಡಿಯಾರ. ಎರಡೂ ಬೇಕು. ಕೋಟಿಗಟ್ಟಲೆ ವರ್ಷ ಚೆದುರಿದ್ದ ಪೊಟಾಸಿಯಂ ಲೆಕ್ಕದ ಎದುರು ಈ ಚಿಪ್ಪುಗಳು ಲಕ್ಷಗಳ ಲೆಕ್ಕದಲ್ಲಿ ಮಾತಾಡಿದವು. ನನ್ನ ತರಗತಿಯ ಹೆಮ್ಮೆ ಇಳಿದದ್ದು ಇದನ್ನು ಓದಿದಾಗ.

2009ರಲ್ಲಿ ಇದೇ ಬಗೆಯ ಕಡಲ ಚಿಪ್ಪುಗಳು ಮಧ್ಯಪ್ರದೇಶದ ಛಿಂದವಾಡ ಜಿಲ್ಲೆಯ ಝಿಲ್ಮಿಲಿಯಲ್ಲಿ, ಸಿಹಿನೀರಿನ ಪದರಗಳ ನಡುವೆ ಸಿಕ್ಕ ವರದಿ ಬಂದಿತು. ಇಂದಿನ ಕಡಲಿನಿಂದ ಅಷ್ಟು ಒಳಗೆ! ಒಮ್ಮೆ ಕಡಲ ತೋಳೊಂದು ಕಣಿವೆಯುದ್ದಕ್ಕೂ ಒಳನುಗ್ಗಿತ್ತೆಂದು ವರದಿಕಾರರ ವಾದ. ಆ ಲೇಖಕರಲ್ಲಿ ಒಬ್ಬರಾದ ಮೈಕ್ ವಿಡ್ಡೋಸನ್, 2004ರಲ್ಲಿ ಬೀದರಿನ ಜಂಬಿಟ್ಟಿಗೆ ಪದರಗಳ ಲಿಥಿಯಂ ಐಸೊಟೋಪುಗಳ ಕುರಿತ ಪ್ರಬಂಧದ ಲೇಖಕರಲ್ಲಿಯೂ ಒಬ್ಬರು. ಬೀದರ್ ಕೋಟೆಯ ಕಂದಕ ಕಡಿದದ್ದು ಇದೇ ಕಲ್ಲಿನಲ್ಲಿ; ಬೆಸಾಲ್ಟ್ ಬಿಸಿಲು ಮಳೆಗೆ ಲಕ್ಷಾಂತರ ವರ್ಷ ಕೊಳೆತು ಆದದ್ದೇ ಈ ಕೆಂಪು ಕಲ್ಲು.

ಹಾಗಾದರೆ ನಿರ್ಣಾದಲ್ಲಿ ಅಗೆದರೆ ಗುಂಬೆಲಿಟ್ರಿಯ ಸಿಕ್ಕೀತೇ? ಆ ಆಸೆ ಬೇಡ. ನಮ್ಮ ಕಡೆಯ ನಡುಪದರಗಳು ಸಿಹಿನೀರಿನವು. ಆದರೆ ಬೇರೊಂದು ಕಿರುಚಿಪ್ಪು ಸಿಕ್ಕಿದೆ. ನಿರ್ಣಾದಿಂದ ಸುಮಾರು ನೂರು ಕಿಲೋಮೀಟರ್ ದೂರದ, ಆಗ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ, ಈಗ ಯಾದಗಿರಿ ಜಿಲ್ಲೆಯಲ್ಲಿರುವ ಗುರುಮಠಕಲ್ ಕಡೆಯ ನಡುಪದರಗಳಿಂದ ಆಸ್ಟ್ರಕಾಡ್ ಎಂಬ ಜೀವಿಗಳನ್ನು ವಾಟ್ಲಿ, ಬಾಜಪೇಯಿ, ಶ್ರೀನಿವಾಸನ್ ಅವರು 2002ರಲ್ಲಿ ವಿವರಿಸಿದರು. ಕಡಲೆಕಾಯಿಯ ಸಿಪ್ಪೆಯಂತೆ ಎರಡು ಹೋಳಿನ ಕವಚದ ಪುಟ್ಟ ಜಲಚರಗಳಿವು. ಅವರು ನೀಡಿದ ಕಾಲ ಕ್ರಿಟೇಷಿಯಸ್ ಕೊನೆ. ಲಾವಾ ಉಕ್ಕುತ್ತಿದ್ದ ದಿನಗಳಲ್ಲೂ ನಮ್ಮ ಸೀಮೆಯಲ್ಲಿ ಕೆರೆಗಳಿದ್ದವು, ಅವುಗಳಲ್ಲಿ ಜೀವವಿತ್ತು.

ಮುಗಿಯದ ಮೊಕದ್ದಮೆ

ಹಾಗಾದರೆ ಜೀವಿಗಳನ್ನು ಅಳಿಸಿದ್ದು ಮೆಕ್ಸಿಕೊದ ಬಡಿತವೋ, ನಮ್ಮ ಕರಿಕಲ್ಲೋ? ಲಾವಾದ ಜೊತೆ ಅಪಾರ ಇಂಗಾಲದ ಡೈಆಕ್ಸೈಡ್ ಮತ್ತು ಗಂಧಕದ ಅನಿಲ ಹೊರಬಂದಿರಬೇಕು. ಗಡಿಗೆ ಮುಂಚಿನ ಪದರಗಳಲ್ಲೂ ಗುಂಬೆಲಿಟ್ರಿಯದ ರಾಶಿ ಸಿಗುವುದನ್ನು ತೋರಿಸಿ, ಕಡಲು ಮೊದಲೇ ನರಳುತ್ತಿತ್ತು ಎಂದು ಕೆಲ್ಲರ್ ವಾದಿಸುತ್ತಾರೆ. ಬಡಿತವೊಂದೇ ಸಾಕು ಎನ್ನುವವರು ಹೆಚ್ಚು ಮಂದಿ.

2019ರಲ್ಲಿ ಎರಡು ಪ್ರಬಂಧಗಳು 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಬ್ಲೇರ್ ಶೋನ್ ತಂಡ ಲಾವಾ ಪದರಗಳ ನಡುವಿನ ಬೂದಿಯಿಂದ ಜಿರ್ಕಾನ್ ಹರಳುಗಳನ್ನು ಹೆಕ್ಕಿ ಯುರೇನಿಯಂ-ಸೀಸದ ಗಡಿಯಾರ ಓದಿತು. ಬಾವಿಯಲ್ಲಿ ಕಾಣುವ ಕೆಂಪು ಪಟ್ಟಿ ನೆನಪಿದೆಯಲ್ಲ? ಪಶ್ಚಿಮ ಘಟ್ಟದ ಅಂಥ ಪಟ್ಟಿಗಳೇ ಅವರ ಗಣಿ. ನಾಲ್ಕು ಉಬ್ಬರಗಳಲ್ಲಿ ಲಾವಾ ಬಂದಿತು, ಒಂದು ಗಡಿಗೆ ತುಸು ಮುಂಚೆ ಎಂದರು. ಕರ್ಟ್ನಿ ಸ್ಪ್ರೇನ್ ತಂಡ ಆರ್ಗಾನ್-ಆರ್ಗಾನ್ ವಿಧಾನದಿಂದ, ಲಾವಾದ ಸುಮಾರು ಮುಕ್ಕಾಲು ಪಾಲು ಗಡಿಯ ನಂತರ ಬಂದಿತು ಎಂದಿತು. ಒಟ್ಟು ಅವಧಿ ಹತ್ತು ಲಕ್ಷ ವರ್ಷದ ಆಸುಪಾಸು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. 3 ಕೋಟಿಯಿಂದ 8 ಕೋಟಿ ಎಂದು ಚೆದುರಿದ್ದ ಲೆಕ್ಕ ಎಲ್ಲಿಗೆ ಬಂದು ನಿಂತಿದೆ ನೋಡಿ. ಈಗ ಜಗಳವಿರುವುದು ಕೆಲವು ಸಾವಿರ, ಲಕ್ಷ ವರ್ಷಗಳಿಗಾಗಿ.

ಶಿಕ್ಷಕ ಮಿತ್ರರಿಗೆ ಒಂದು ಸಲಹೆ. ಅರ್ಧಾಯು ಪಾಠ ಮಾಡುವಾಗ ಕೇವಲ ಸೂತ್ರ ಬರೆಸಬೇಡಿ. ಊರ ಬಾವಿಯ ಬಳಿಗೆ ಮಕ್ಕಳನ್ನು ಕಟ್ಟೆಯ ಈಚೆಗೇ ನಿಲ್ಲಿಸಿ, ಪದರಗಳನ್ನು ಚಿತ್ರಿಸಲು ಹೇಳಿ. ಮೇಲಿನದು ಕಿರಿಯದು, ಕೆಳಗಿನದು ಹಿರಿಯದು. ಇಷ್ಟು ಕಣ್ಣಿಗೇ ಕಾಣುತ್ತದೆ. ಆಮೇಲೆ ತರಗತಿಗೆ ಬಂದು ಪೊಟಾಸಿಯಂ-40ರ ಲೆಕ್ಕ ಮಾಡಿಸಿ, ಆರ್ಗಾನ್ ಕಾಲು ಪಾಲು ಸೋರಿದ್ದರೆ ಉತ್ತರ ಎಷ್ಟು ತಪ್ಪುತ್ತದೆ ಎಂದು ಕೇಳಿ. 6.6 ಕೋಟಿಯ ಕಲ್ಲು 5 ಕೋಟಿಯೆಂದು ಹೇಳಿಕೊಳ್ಳುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ನಾನೂ ಈಗ ತರಗತಿಯ ಆ ಹಳೆಯ ಮಾತನ್ನು ತಿದ್ದಿಕೊಂಡಿದ್ದೇನೆ. ಪರಮಾಣು ಒಂದು ಸಾಕ್ಷಿ, ಚಿಪ್ಪು ಒಂದು ಸಾಕ್ಷಿ, ಕಲ್ಲಿನೊಳಗಿನ ಕಾಂತ ಇನ್ನೊಂದು. ಒಬ್ಬೊಬ್ಬರೂ ಒಮ್ಮೊಮ್ಮೆ ತಪ್ಪು ಹೇಳುತ್ತಾರೆ. ಮೂವರನ್ನೂ ಎದುರುಬದುರು ನಿಲ್ಲಿಸಿ ಕೇಳಿದಾಗ ಮಾತ್ರ ನಿರ್ಣಾದ ಹೊಲದಡಿಯ ಕಲ್ಲು ತನ್ನ ವಯಸ್ಸನ್ನು ಹೇಳುತ್ತದೆ.